ಗಾಯದ ಪಟ್ಟಿ ಮನೆಗೆ ಬಂದಾಗ

ಪುಣೆಯಿಂದ ಒಬ್ಬ ಸೋದರಿ ಬರೆದ ಕಾಗದ ನನ್ನ ಮುಂದಿದೆ. ಅವರ ಅತ್ತೆಯವರಿಗೆ ಬಹುದಿನಗಳ ಸಕ್ಕರೆ ಕಾಯಿಲೆ. ಎಡ ಅಂಗಾಲಿನಲ್ಲಿ ಆಗಾಗ ತಲೆಯೆತ್ತುವ ಹುಣ್ಣು. “ಕೊರೋನಾ ಕಾಲದಲ್ಲಿ ಮನೆಯಲ್ಲಿಯೇ ಪಟ್ಟಿ ಕಟ್ಟಿರಿ, ಫೋಟೊ ಕಳಿಸಿರಿ, ಬರುವುದು ಬೇಡ ಎಂದರು. ಈಗ ದಿನ ಬಿಟ್ಟು ದಿನ ಆಸ್ಪತ್ರೆಗೆ ಬರಲೇಬೇಕೆನ್ನುತ್ತಾರೆ. ಹುಣ್ಣು ಅದೇ, ಕಾಲೂ ಅದೇ. ಆಗ ಹೇಳಿದ್ದು ಸರಿಯೋ, ಈಗ ಹೇಳುವುದು ಸರಿಯೋ?” ಎಂದು ಕೇಳಿದ್ದಾರೆ.

ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಗಾಯಕ್ಕೆ ಪಟ್ಟಿ ಕಟ್ಟುವ ಕೈ ಯಾರದಿರಬೇಕು, ಆ ಕೈಗೆ ಅಪ್ಪಣೆ ಕೊಡುವವರು ಯಾರಿರಬೇಕು ಎಂಬ ಎರಡು ಮಾತುಗಳು ಅದರಲ್ಲಿ ಅಡಗಿವೆ. ೨೦೨೦ ಮತ್ತು ೨೦೨೧ರ ಆ ಎರಡು ವರ್ಷಗಳು ಇವೆರಡನ್ನೂ ಬುಡಸಹಿತ ಅಲುಗಾಡಿಸಿದುವು. ಉಸಿರಾಟದ ಬೇನೆಯ ವಿಷಯವಾಗಿ ಬೇಕಾದಷ್ಟು ಬರೆದಾಗಿದೆ. ಗಾಯದ ವಿಷಯ ಬರೆದವರು ಕಡಿಮೆ. ಆದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ. ಸೋದರಿಯ ಪ್ರಶ್ನೆಗೆ ಉತ್ತರ ಸ್ವಲ್ಪ ಮುಂದೆ ಬರುತ್ತದೆ, ತಾಳ್ಮೆ ಇರಲಿ.

ಮಾರ್ಚ್ ೧೧, ೨೦೨೦ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಅದೇ ತಿಂಗಳ ೨೨ರ ರಾತ್ರಿಯಿಂದ ಮುಂಬಯಿಯ ಲೋಕಲ್ ಗಾಡಿಗಳು ನಿಂತುವು. ೨೫ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಲೋಕಲ್ ನಿಂತರೆ ಮುಂಬಯಿಯ ನಾಡಿಯೇ ನಿಂತಂತೆ ಎಂಬುದನ್ನು ಡೊಂಬಿವಿಲಿ, ಕಲ್ಯಾಣ, ವಿರಾರ ಕಡೆಯ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ೧೫ಕ್ಕೆ ಗಾಡಿಗಳು ಮತ್ತೆ ಹೊರಟರೂ ಅವು ಅವಶ್ಯಕ ಸೇವೆಯ ನೌಕರರಿಗೆ ಮಾತ್ರ. ಎಲ್ಲರನ್ನೂ, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ, ಹತ್ತಗೊಟ್ಟದ್ದು ೨೦೨೧ರ ಫೆಬ್ರವರಿ ೧ರಂದು. ವಾರಕ್ಕೆರಡು ಸಲ ಗಾಡಿ ಹಿಡಿದು ಪರೇಲಿಗೆ ಬಂದು ಡ್ರೆಸಿಂಗು ಮಾಡಿಸಿಕೊಂಡು ಹೋಗುತ್ತಿದ್ದ ಮುದುಕರು ಏನು ಮಾಡಬೇಕು? ಆಸ್ಪತ್ರೆಗಳಲ್ಲಿಯಾದರೂ ಹಾಸಿಗೆಗಳನ್ನು ಉಸಿರು ಕಟ್ಟಿದವರಿಗಾಗಿ ತೆರವು ಮಾಡುತ್ತಿದ್ದರು. ತುರ್ತಲ್ಲದ ಶಸ್ತ್ರಕ್ರಿಯೆಗಳನ್ನೆಲ್ಲ ಮುಂದಕ್ಕೆ ಹಾಕಿದ್ದರು. ‘ತುರ್ತಲ್ಲದ’ ಎಂಬ ಆ ಪಟ್ಟಿಯಲ್ಲಿ ಕಾಲಿನ ಹುಣ್ಣೂ ಎಷ್ಟೋ ಕಡೆ ಸೇರಿಹೋಯಿತು. ಅಲ್ಲಿಯೇ ತೊಡಕು ಹುಟ್ಟಿತೆನ್ನಬೇಕು.

ಏಕೆಂದರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ನಿಧಾನವಾಗಿ ಬೆಳೆಯುವುದೇ ಹೊರತು ನಿಂತಲ್ಲೇ ನಿಲ್ಲುವ ಜಾತಿಯದಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯವರ ಸಂಖ್ಯೆ ೧೦ ಕೋಟಿಗೆ ಮೇಲೆಂದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ಕಾಲಿನ ನರಗಳು ಮೊದಲು ಜೋಮು ಹಿಡಿಯುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಕಲ್ಲು ಚುಚ್ಚಿದರೂ ತಿಳಿಯದು, ಬಿಸಿನೀರು ಸುಟ್ಟರೂ ತಿಳಿಯದು. ನೋವಿಲ್ಲವಾದ್ದರಿಂದ ಗಾಯದ ಮೇಲೆಯೇ ನಡೆದಾಡುತ್ತಾರೆ. “ನೋವೇ ಇಲ್ಲ ಡಾಕ್ಟರೆ, ಏನೂ ಆಗಿಲ್ಲ” ಎನ್ನುವ ರೋಗಿಯನ್ನು ಕಂಡರೆ ತಿಳಿದ ವೈದ್ಯನಿಗೆ ಎದೆ ಧಸಕ್ಕೆನ್ನುವುದು ಅದಕ್ಕಾಗಿಯೇ.

ಈ ಗುಟ್ಟನ್ನು ಜಗತ್ತಿಗೆ ಬಿಡಿಸಿ ಹೇಳಿದ ಕೀರ್ತಿಯಲ್ಲಿ ದೊಡ್ಡ ಪಾಲು ನಮ್ಮ ದಕ್ಷಿಣದ ವೆಲ್ಲೂರಿಗೆ ಸಲ್ಲಬೇಕು. ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರಾಂಡ್ ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು, ಪಾದ ತಾವಾಗಿ ಕೊಳೆತು ಉದುರುತ್ತವೆಂದು ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ನೋವಿನ ಅರಿವಿಲ್ಲದ ಅಂಗಕ್ಕೆ ದಿನದಿನವೂ ಆಗುವ ಸಣ್ಣಪುಟ್ಟ ಪೆಟ್ಟಿನಿಂದಲೇ ಈ ಹಾನಿ ಎಂದು ಅವರು ತೋರಿಸಿದರು. ಪಾದಕ್ಕೆ ಅಂಟಿದಂತೆ ಪ್ಲಾಸ್ಟರಿನ ಕಟ್ಟು ಹಾಕಿ, ಮೈಭಾರವೆಲ್ಲ ಒಂದೇ ಕಡೆ ಬೀಳದೆ ಹರಡುವಂತೆ ಮಾಡಿದರೆ ತಿಂಗಳುಗಟ್ಟಲೆ ಮಾಯದ ಹುಣ್ಣೂ ಮಾಯುತ್ತಿತ್ತು. ಮುಂದೆ ಅವರು ಅಮೆರಿಕೆಗೆ ಹೋದ ಬಳಿಕ ಇದೇ ಪಾಠ ಸಕ್ಕರೆ ಕಾಯಿಲೆಯ ಪಾದಕ್ಕೂ ಒದಗಿತು. ಹುಣ್ಣಿಗೆ ಏನು ಹಚ್ಚಬೇಕೆಂಬುದಕ್ಕಿಂತ ಹುಣ್ಣಿನ ಮೇಲೆ ಭಾರ ಬೀಳದಂತೆ ಏನು ಮಾಡಬೇಕೆಂಬುದು ದೊಡ್ಡ ಪ್ರಶ್ನೆ. ಮುಲಾಮಿನ ಹೆಸರು ಕೇಳಿ ಕಾಗದ ಬರೆಯುವ ಓದುಗರು ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಇಷ್ಟು ತಿಳಿದ ಮೇಲೆ ಪಿಡುಗಿನ ಕಾಲಕ್ಕೆ ಬರೋಣ. ಯೂರೋಪಿನಲ್ಲಿ ಮೊದಲು ಪೆಟ್ಟು ತಿಂದ ದೇಶ ಇಟಲಿ. ಅಲ್ಲಿಯ ನೇಪಲ್ಸ್ ನಗರದ ವೈದ್ಯರು ೨೦೨೦ರ ಮೊದಲ ಐದು ತಿಂಗಳ ಲೆಕ್ಕವನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಲೆಕ್ಕದೊಡನೆ ಹೋಲಿಸಿದರು. ಪಾದದ ತೊಂದರೆಯಿಂದ ಆಸ್ಪತ್ರೆ ಸೇರಿದ ಸಕ್ಕರೆ ಕಾಯಿಲೆಯವರಲ್ಲಿ ಅಂಗ ಕತ್ತರಿಸಬೇಕಾಗಿ ಬರುವ ಸಂಭವ ಮೂರು ಪಟ್ಟಿಗೂ ಮೇಲಾಗಿತ್ತು. ಕೊರೋನಾ ಬಂದು ಕಾಲು ಹೋದದ್ದಲ್ಲ. ಹೆದರಿ ಮನೆಯಲ್ಲಿ ಕುಳಿತು, ಕಪ್ಪಾದ ಮೇಲೆ ಬಂದದ್ದರಿಂದ ಹೋದದ್ದು. ಅದೇ ಇಟಲಿಯ ರೋಮಿನಲ್ಲಿ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯವರು ಹುಣ್ಣುಗಳನ್ನೇ ಬೇರೆ ಬೇರೆ ಮಾಡಿ ದಾರಿ ತೋರಿಸಿದರು: ತೀವ್ರವಾದದ್ದು ಕೂಡಲೆ ಒಳಗೆ, ತೊಡಕಿನದು ಹೊರರೋಗಿ ವಿಭಾಗಕ್ಕೆ, ಸಾದಾ ಹುಣ್ಣು ಟೆಲಿಫೋನು-ಫೋಟೊಗಳ ಮೇಲೆ. ನೇಪಲ್ಸನ್ನೂ ರೋಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಬಾಗಿಲು ಮುಚ್ಚುವುದು ಒಂದು ನಿರ್ಧಾರವಾದರೆ, ಯಾರಿಗೆ ತೆರೆಯಬೇಕೆಂದು ಗೊತ್ತುಮಾಡುವುದೂ ಒಂದು ನಿರ್ಧಾರವೇ. ಎರಡನೆಯದಕ್ಕೆ ತಲೆ ಖರ್ಚಾಗುತ್ತದೆ, ಅಷ್ಟೆ.

ಅಮೆರಿಕೆಯಲ್ಲಿ ಲೀ ರೋಜರ್ಸ್, ಡೇವಿಡ್ ಆರ್ಮ್‌ಸ್ಟ್ರಾಂಗ್ ಮೊದಲಾದ ಪಾದವೈದ್ಯರು ಇದೇ ಯೋಚನೆಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ಗೋಡೆಗಳಿಲ್ಲದ ಗಾಯದ ಆಸ್ಪತ್ರೆ ಎಂದು. ಗಾಯವಿದ್ದವರನ್ನು ನಾಲ್ಕು ಮೆಟ್ಟಿಲಲ್ಲಿ ನಿಲ್ಲಿಸಿದರು. ಜ್ವರ, ಮೈಗೆಲ್ಲ ಏರಿದ ನಂಜು, ಕೊಳೆತ ಕಾಲು ಇದ್ದವರು ಮೊದಲ ಮೆಟ್ಟಿಲು. ಅವರಿಗೆ ಆಸ್ಪತ್ರೆಯೇ ಗತಿ. ನಂತರದವರಿಗೆ ಆಸ್ಪತ್ರೆಯ ಹೊರಗಿನ ಚಿಕ್ಕ ಚಿಕಿತ್ಸಾಲಯ. ಮೂರನೆಯವರಿಗೆ ಅಲ್ಲಿಯೋ ಮನೆಯಲ್ಲಿಯೋ. ಕೊನೆಯವರಿಗೆ ಮನೆ ಮತ್ತು ಟೆಲಿಫೋನು. ವೈದ್ಯನಿರುವಲ್ಲಿಗೆ ಗಾಯ ಹೋಗುವುದು ಹಳೆಯ ಕ್ರಮ. ಗಾಯ ಎಲ್ಲಿದ್ದರೆ ಕ್ಷೇಮವೋ ಅಲ್ಲಿಗೆ ಆರೈಕೆ ಹೋಗಬೇಕೆಂಬುದು ಹೊಸ ಕ್ರಮ.

ನಮ್ಮಲ್ಲಿ? ದೇಶ ಬಾಗಿಲು ಹಾಕಿದ ಮಾರ್ಚ್ ೨೫ರಂದೇ ಸರಕಾರ ಟೆಲಿಫೋನಿನ ಮೂಲಕ ವೈದ್ಯ ಸಲಹೆ ಕೊಡುವ ನಿಯಮಗಳನ್ನು ಹೊರಡಿಸಿತು. ಅದಕ್ಕೆ ಮುಂಚೆ ಅದು ಕಾನೂನಿಗೆ ಒಪ್ಪಿಗೆಯೋ ಅಲ್ಲವೋ ಎಂದು ವೈದ್ಯರೇ ಅನುಮಾನಿಸುತ್ತಿದ್ದರು. ಏಪ್ರಿಲ್ ೧೩ಕ್ಕೆ ‘ಇ-ಸಂಜೀವನಿ’ ಎಂಬ ಸರಕಾರಿ ಹೊರರೋಗಿ ಸೇವೆಯೂ ಮೊದಲಾಯಿತು. ಆ ನಿಯಮಗಳಲ್ಲಿ ಒಂದು ಮಾತಿದೆ. ಹೊರನಾಡಿನ ನಮ್ಮಂಥವರು ಅದನ್ನು ಗಂಟು ಹಾಕಿಟ್ಟುಕೊಳ್ಳಬೇಕು. ದೇಶದಲ್ಲಿ ಎಲ್ಲಿ ನೋಂದಣಿಯಾದ ವೈದ್ಯನಾದರೂ ದೇಶದ ಯಾವ ಮೂಲೆಯ ರೋಗಿಗಾದರೂ ಹೀಗೆ ಸಲಹೆ ಕೊಡಬಹುದು. ಎಂದರೆ ದಿಲ್ಲಿಯಲ್ಲಿರುವ ತಾಯಿ ಶಿವಮೊಗ್ಗೆಯ ವೈದ್ಯರೊಡನೆ, ಚೆನ್ನೈಯಲ್ಲಿರುವ ತಂದೆ ಹುಬ್ಬಳ್ಳಿಯ ವೈದ್ಯರೊಡನೆ ಮಾತನಾಡಬಹುದು.

ಇದರಲ್ಲೇನು ವಿಶೇಷ ಎನ್ನುವವರು ಮನೆಯ ಹಿರಿಯರನ್ನು ಒಮ್ಮೆ ಪರಭಾಷೆಯ ವೈದ್ಯರ ಮುಂದೆ ಕುಳ್ಳಿರಿಸಿ ನೋಡಬೇಕು. ಕಾಲಿನ ನರ ಕೆಡುವಾಗ ಆಗುವ ಅನುಭವ ಒಂದಲ್ಲ. ಜೋಮು ಬೇರೆ, ಜುಮುಜುಮು ಬೇರೆ. ಉರಿ ಬೇರೆ, ಚುರುಚುರು ಬೇರೆ. ಸೆಳೆತ ಬೇರೆ, ಇರುವೆ ಹರಿದಂತಾಗುವುದು ಬೇರೆ. ಅರಳೆಯ ಮೇಲೆ ನಡೆದಂತಾಗುವುದಂತೂ ಇನ್ನೂ ಬೇರೆ. ಕನ್ನಡದಲ್ಲಿ ಇವನ್ನೆಲ್ಲ ಸಲೀಸಾಗಿ ಹೇಳುವ ಅಜ್ಜಿ ಮರಾಠಿಯಲ್ಲೋ ಹಿಂದಿಯಲ್ಲೋ ‘ದುಖತಾ ಹೈ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನೋವಿಲ್ಲದಿರುವುದೇ ಅವಳ ಕಾಯಿಲೆ. ವೈದ್ಯರು ಬರೆದುಕೊಳ್ಳುವುದು ನೋವೆಂದು!

ನಮಗೆ ಪರಿಚಯದ ಒಂದು ಮನೆ. ಡೊಂಬಿವಿಲಿಯಲ್ಲಿ ಎರಡು ಕೋಣೆಯ ಬಿಡಾರ. ಮಗ, ಸೊಸೆ, ಧಾರವಾಡದ ಕಡೆಯಿಂದ ಬಂದಿದ್ದ ಮಾವನವರು. ಅವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣು. ೨೦೨೦ರ ಏಪ್ರಿಲಿನಲ್ಲಿ ಆಸ್ಪತ್ರೆಯ ಹಾದಿ ಕಟ್ಟಿದಾಗ ಪಟ್ಟಿ ಕಟ್ಟುವ ಕೆಲಸ ಸೊಸೆಯ ಪಾಲಿಗೆ ಬಂದಿತು. ಮುದುಕರಿಗೋ ಬಹಳ ಸಂಕೋಚ. “ಹಿರೇರ ಕಾಲು ಮುಟ್ಟೂದು ನಮಸ್ಕಾರಕ್ಕವ್ವಾ, ಕೀವು ಒರಸಾಕಲ್ಲ” ಎಂದರಂತೆ. ಆಕೆ ಬಿಡಲಿಲ್ಲ. “ನಮ್ಮಪ್ಪನ ಕಾಲಾಗಿದ್ರ ನಾ ಒರಸ್ತಿರಲಿಲ್ಲೇನ್ರಿ ಮಾವಾರ? ಸುಮ್ನ ಚಾಚ್ರಿ” ಎಂದು ಕುಳಿತಳು. ಗಾಯ ತೊಳೆಯುವುದು, ಬಟ್ಟೆ ಮಡಿಸುವುದು, ಕಟ್ಟುವ ಬಿಗಿ ಎಷ್ಟೆಂಬುದು, ಇವನ್ನೆಲ್ಲ ಆಸ್ಪತ್ರೆಯ ಒಬ್ಬ ದಾದಿ ಟೆಲಿಫೋನಿನಲ್ಲಿ ಮುಖ ನೋಡುತ್ತ ಕಲಿಸಿಕೊಟ್ಟರು. ದಿನವೂ ಒಂದು ಫೋಟೊ ಹೋಗುತ್ತಿತ್ತು.

ಒಂಬತ್ತನೆಯ ದಿನದ ಫೋಟೊದಲ್ಲಿ ಬೆರಳಿನ ತುದಿ ಕಪ್ಪಿಟ್ಟಿತ್ತು. ಸೊಸೆಗೆ ಅದು ಮಸುಕು ಬೆಳಕಿನ ನೆರಳೆನಿಸಿತು. ದಾದಿ ಒಪ್ಪಲಿಲ್ಲ. “ಇವತ್ತೇ ಕರೆತನ್ನಿ, ನಾಳೆ ಎನ್ನಬೇಡಿ” ಎಂದು ಹೇಳಿ, ತಾನೇ ಒಳಗೆ ಓಡಾಡಿ ಹಾಸಿಗೆ ಗೊತ್ತುಮಾಡಿ, ಆಮೇಲೆ ಶಸ್ತ್ರವೈದ್ಯರಿಗೆ ತಿಳಿಸಿದರು. ಪೋಲೀಸರ ಅನುಮತಿ ಚೀಟಿ, ಬಾಡಿಗೆ ವಾಹನ, ಎಲ್ಲ ಸೇರಿ ತಲಪುವಾಗ ಸಂಜೆಯಾಗಿತ್ತು. ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಈಗ ಆ ಹಿರಿಯರು ಗಣೇಶೋತ್ಸವದಲ್ಲಿ ಭಜನೆಗೆ ಬಂದು ಕೊನೆಯ ಆರತಿಯವರೆಗೂ ಕೂಡುತ್ತಾರೆ.

ಈ ಕಥೆಯಲ್ಲಿ ನಾನು ಬಹಳ ಸಲ ಯೋಚಿಸಿದ್ದು ಸೊಸೆಯ ವಿಷಯವನ್ನಲ್ಲ, ದಾದಿಯ ವಿಷಯವನ್ನು. ಹಿರಿಯರ ಸಹಿಗೆ ಕಾಯದೆ ಹಾಸಿಗೆ ಗೊತ್ತುಮಾಡುವ ಅಧಿಕಾರ ಆಕೆಗೆ ಎಲ್ಲಿಂದ ಬಂತು? ವಿಚಾರಿಸಿದಾಗ ತಿಳಿಯಿತು: ಆ ವಿಭಾಗದ ಮುಖ್ಯ ವೈದ್ಯರು ಮೊದಲ ವಾರವೇ ದಾದಿಯರನ್ನು ಕರೆದು, ಇಂಥಿಂಥ ಗುರುತು ಕಂಡರೆ ನನ್ನನ್ನು ಕೇಳಬೇಡಿ, ಮೊದಲು ಕರೆಸಿಕೊಳ್ಳಿ ಎಂದು ಬರಹದಲ್ಲಿ ಕೊಟ್ಟಿದ್ದರಂತೆ. ಒಂದು ಹಾಳೆ ಕಾಗದ. ಆಸ್ಪತ್ರೆಯ ಹಿರಿತನ ಎಂದರೆ ಇದು ಎಂದು ನನ್ನ ಅಭಿಪ್ರಾಯ. ಅದೇ ತಿಂಗಳಲ್ಲಿ ಇನ್ನೊಂದು ಕಡೆ ಎಲ್ಲ ಅಪ್ಪಣೆಯೂ ಒಬ್ಬರ ಮೇಜಿನ ಮೇಲಿಂದಲೇ ಹೊರಡಬೇಕೆಂಬ ಕಟ್ಟಳೆಯಿದ್ದು, ಅವರೇ ಕಾಯಿಲೆ ಬಿದ್ದು ಹದಿನೈದು ದಿನ ಮೇಜು ಖಾಲಿಯಾದದ್ದನ್ನೂ ಕೇಳಿದ್ದೇನೆ. ಹೆಸರು ಬೇಡ.

ನಗರದ ಮಟ್ಟದಲ್ಲಿಯೂ ಇದೇ ನಡೆಯಿತು. ಮುಂಬಯಿಯಲ್ಲಿ ಮೊದಮೊದಲು ಹಾಸಿಗೆ ಸಿಗದೆ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ೨೦೨೦ರ ಮೇ ತಿಂಗಳಲ್ಲಿ ಇಕ್ಬಾಲ್ ಸಿಂಗ್ ಚಹಲ್ ಅವರು ಮಹಾನಗರಪಾಲಿಕೆಯ ಆಯುಕ್ತರಾಗಿ ಬಂದರು. ಜೂನ್ ತಿಂಗಳಲ್ಲಿ ೨೪ ವಾರ್ಡುಗಳಲ್ಲಿಯೂ ಒಂದೊಂದು ‘ವಾರ್ ರೂಮ್’ ತೆರೆದುವು. ಪ್ರಯೋಗಶಾಲೆಯ ವರದಿ ನೇರವಾಗಿ ಪಾಲಿಕೆಗೆ ಹೋಗಿ, ಅಲ್ಲಿಂದ ಆಯಾ ವಾರ್ಡಿಗೆ ಹಂಚಿಕೆಯಾಗಿ, ವಾರ್ಡಿನವರೇ ರೋಗಿಯ ಮನೆಗೆ ಟೆಲಿಫೋನು ಮಾಡಿ ಹಾಸಿಗೆ ಗೊತ್ತುಮಾಡುವ ಏರ್ಪಾಡು ಅದು. ಧಾರಾವಿಯಲ್ಲಿ ಮೊದಲ ರೋಗಿ ಕಂಡದ್ದು ಏಪ್ರಿಲ್ ೧ಕ್ಕೆ. ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಲಕ್ಷಗಟ್ಟಲೆ ಜನ ಒತ್ತಾಗಿರುವ ಆ ಕೇರಿಯಲ್ಲಿ, ಅಲ್ಲಿಯೇ ದವಾಖಾನೆ ಇಟ್ಟುಕೊಂಡಿದ್ದ ಸ್ಥಳೀಯ ವೈದ್ಯರು ಮನೆಮನೆಗೆ ಹೋಗಿ ಜ್ವರ ನೋಡಿದರು. ಬಡಾವಣೆಯ ಜನ ಬಾಗಿಲು ತೆರೆದದ್ದು ಪರಿಚಯದ ಮುಖ ಕಂಡು. ಜುಲೈ ೧೦ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರೆತ್ತಿ ಹೇಳಿದರು. ಹಾಗೆಂದು ಎಲ್ಲವೂ ಸುಖವಾಗಿ ನಡೆಯಿತೆಂದು ಯಾರೂ ಬರೆಯಬಾರದು. ೨೦೨೧ರ ಬೇಸಗೆಯನ್ನು ಕಂಡವರು ಹಾಗೆ ಬರೆಯಲಾರರು.

ಇದಕ್ಕೆ ತದ್ವಿರುದ್ಧವಾದ ಚಿತ್ರ ಬೇಕಾದರೆ ೧೮೯೭ರ ಪುಣೆಯನ್ನು ನೆನೆಯಬೇಕು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಅದು ಪುಣೆಗೂ ಹಬ್ಬಿತು. ಅಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ರ‍್ಯಾಂಡ್ ಸಾಹೇಬನು ಸೈನಿಕರನ್ನು ಮನೆಗಳಿಗೆ ನುಗ್ಗಿಸಿ ಶೋಧಿಸಿದನು. ಜನ ರೋಗಿಗಳನ್ನು ಬಚ್ಚಿಟ್ಟರು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಎದ್ದ ಗಂಟು ಒಡೆದು ಸೋರುತ್ತಿದ್ದರೂ ಅಡಗಿಸಿಟ್ಟರು. ಜೂನ್ ೨೨ರ ರಾತ್ರಿ ಚಾಫೇಕರ ಸೋದರರ ಗುಂಡು ಅವನಿಗೆ ಬಿದ್ದಿತು. ಅದೇ ಊರಿನ ಹೊರವಲಯದಲ್ಲಿ ಸಾವಿತ್ರಿಬಾಯಿ ಫುಲೆ ತಮ್ಮ ಮಗ ಡಾಕ್ಟರ್ ಯಶವಂತರೊಡನೆ ಪ್ಲೇಗಿನವರ ಶುಶ್ರೂಷೆಗೆ ನಿಂತು, ಅದೇ ರೋಗ ತಗಲಿ ಮಾರ್ಚ್ ೧೦ರಂದು ತೀರಿಕೊಂಡಿದ್ದರು. ಪದವಿ ಒಬ್ಬನಿಗಿತ್ತು, ಜನ ಬಾಗಿಲು ತೆರೆದದ್ದು ಇನ್ನೊಬ್ಬರಿಗೆ.

ದಾದಿಯರ ಮಾತು ಬಂದಿತಷ್ಟೆ. ಆ ಕಾಲದಲ್ಲಿ ಗಾಯ ಅವರಿಗೂ ಆಯಿತೆಂಬುದನ್ನು ಬಹಳ ಮಂದಿ ಅರಿಯರು. ಗಂಟೆಗಟ್ಟಲೆ ಬಿಗಿಯಾದ ಮುಖಕವಚ, ಕಣ್ಣಿನ ಕನ್ನಡಕ ಹಾಕಿಕೊಂಡು ಮೂಗಿನ ಸೇತುವೆ, ಕೆನ್ನೆ, ಕಿವಿಯ ಹಿಂಭಾಗ ಸುಲಿದುಹೋಗುತ್ತಿತ್ತು. ಚೀನಾದ ಆಸ್ಪತ್ರೆಗಳ ನಾಲ್ಕು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು ವಿಚಾರಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಹೀಗೆ ಚರ್ಮಕ್ಕೆ ಹಾನಿಯಾಗಿತ್ತು. ಇತ್ತ ಉಸಿರು ಸಲೀಸಾಗಲೆಂದು ಹದಿನಾರು ಗಂಟೆಯಷ್ಟು ಹೊತ್ತು ಬೋರಲು ಮಲಗಿಸಿದ ರೋಗಿಗಳಿಗೆ ಗಲ್ಲದಲ್ಲಿ, ಕೆನ್ನೆಯಲ್ಲಿ, ಮೊಳಕಾಲಿನಲ್ಲಿ ಒತ್ತುಹುಣ್ಣು. ಬೆನ್ನಿನ ಒತ್ತುಹುಣ್ಣನ್ನು ಕಾಣುತ್ತಿದ್ದವರಿಗೆ ಮುಖದ ಒತ್ತುಹುಣ್ಣು ಹೊಸದು. ಎಲ್ಲಿ ಮೆತ್ತೆ ಇಡಬೇಕು, ಎಷ್ಟು ಹೊತ್ತಿಗೆ ತಲೆ ಹೊರಳಿಸಬೇಕು ಎಂಬುದನ್ನು ಹಾಸಿಗೆಯ ಪಕ್ಕದಲ್ಲಿದ್ದವರೇ ಗೊತ್ತುಮಾಡಬೇಕಾಗಿತ್ತು. ಇಲ್ಲಿ ಪ್ರೊಫೆಸರರು ದಾದಿಯ ಎಣಿಕೆಗೆ ತಕ್ಕಂತೆ ಕೈಜೋಡಿಸಿ ರೋಗಿಯನ್ನು ಹೊರಳಿಸುತ್ತಿದ್ದರು. ಒಂದು, ಎರಡು, ಮೂರು ಎಂದು ಹೇಳುವವಳು ಅವಳು.

೨೦೨೦ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಗೊತ್ತುಮಾಡಿತ್ತು. ಫ್ಲಾರೆನ್ಸ್ ನೈಟಿಂಗೇಲಳು ಹುಟ್ಟಿ ೨೦೦ ವರ್ಷವಾದ ನೆನಪಿಗಾಗಿ. ಹೊಗಳಿಕೆಗೆ ಕೊರತೆ ಇರಲಿಲ್ಲ. ತಟ್ಟೆ ಬಡಿದೆವು, ದೀಪ ಹಚ್ಚಿದೆವು. ಅದೇ ಏಪ್ರಿಲಿನಲ್ಲಿ ಮುಂಬಯಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹತ್ತಾರು ದಾದಿಯರಿಗೆ ಸೋಂಕು ತಗಲಿ ಆಸ್ಪತ್ರೆಗೇ ಬೀಗಮುದ್ರೆ ಬಿದ್ದಿತು. ಜುಲೈ ೧೦ರಿಂದ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನ ಬೇಕೆಂದು ಮುಷ್ಕರ ಹೂಡಬೇಕಾಯಿತು. ಸುಮಾರು ೪೨,೦೦೦ ಹೆಂಗಸರು. ಹಳ್ಳಿಯ ಮನೆಬಾಗಿಲಿಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಗಾಯ ಎಂದು ಕೇಳಿ ಬರುವವರು ಅವರೇ. ನಿರ್ಧಾರವನ್ನು ಕೆಳಗಿನವರಿಗೆ ಬಿಟ್ಟುಕೊಡುವುದು ಒಳ್ಳೆಯದೇ. ಹೊರೆಯನ್ನು ಮಾತ್ರ ಕೆಳಗೆ ಇಳಿಸಿ ಅಧಿಕಾರವನ್ನೂ ಸಂಬಳವನ್ನೂ ಮೇಲೆಯೇ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಈಗ ಪುಣೆಯ ಸೋದರಿಗೆ ಉತ್ತರ. ತಾಯಿ, ಆಗ ಹೇಳಿದ್ದೂ ಪೂರ್ತಿ ಸರಿಯಲ್ಲ, ಈಗ ಹೇಳುವುದೂ ಪೂರ್ತಿ ಸರಿಯಲ್ಲ. ಪಟ್ಟಿ ಬದಲಾಯಿಸುವುದಷ್ಟೇ ಕೆಲಸವಾಗಿದ್ದರೆ ಅದಕ್ಕಾಗಿ ಮುದುಕಿಯನ್ನು ರಿಕ್ಷಾದಲ್ಲಿ ಕುಲುಕಾಡಿಸಿ ಒಯ್ಯಬೇಕಾಗಿಲ್ಲ. ನಿಮ್ಮ ಕೈ ಸಾಕು. ಆದರೆ ಮನೆಯಲ್ಲಿ ಆಗದ ಮೂರು ಕೆಲಸಗಳಿವೆ. ಹುಣ್ಣಿನ ಅಂಚಿನ ಆಣಿಗಟ್ಟಿದ ಚರ್ಮವನ್ನೂ ಸತ್ತ ಮಾಂಸವನ್ನೂ ಕತ್ತರಿಸಿ ತೆಗೆಯುವುದು, ಪಾದದ ನಾಡಿ ಹಿಡಿದು ರಕ್ತ ಓಡುತ್ತಿದೆಯೇ ಎಂದು ನೋಡುವುದು, ಭಾರ ಬೀಳದ ಹಾಗೆ ಕಟ್ಟೋ ಪಾದರಕ್ಷೆಯೋ ಅಳವಡಿಸುವುದು. ಫೋಟೊದಲ್ಲಿ ನಾಡಿ ಸಿಕ್ಕುವುದಿಲ್ಲ. ಇವಕ್ಕಾಗಿ ಗೊತ್ತಾದ ದಿನಗಳಲ್ಲಿ ಹೋಗಲೇಬೇಕು. ಮುಂದಿನ ಸಲ ಹೋದಾಗ ನಿಮ್ಮ ವೈದ್ಯರನ್ನು ನೇರವಾಗಿ ಕೇಳಿರಿ: ಅತ್ತೆಯವರ ಹುಣ್ಣು ಮೇಲೆ ಹೇಳಿದ ನಾಲ್ಕರಲ್ಲಿ ಯಾವ ಮೆಟ್ಟಿಲಲ್ಲಿದೆ? ಯಾವ ಕೆಲಸಕ್ಕೆ ನಾವು ಬರಬೇಕು, ಯಾವುದು ಮನೆಯಲ್ಲಿ ಸಾಕು? ಹೊತ್ತಲ್ಲದ ಹೊತ್ತಿನಲ್ಲಿ ಕೆಟ್ಟರೆ ಯಾರ ನಂಬರಿಗೆ ಟೆಲಿಫೋನು ಮಾಡಬೇಕು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಬೇರೆ ಆಸ್ಪತ್ರೆ ನೋಡುವುದರಲ್ಲಿ ತಪ್ಪಿಲ್ಲ.

ಮನೆಯ ಕೆಲಸದ ಮಾತು. ಕೈಗಳನ್ನು ಸಾಬೂನಿನಿಂದ ತೊಳೆಯುವ ವಿದ್ಯೆಯನ್ನು ಕೊರೋನಾ ಎಲ್ಲರಿಗೂ ಕಲಿಸಿದೆ. ಬಳೆ, ಉಂಗುರ ತೆಗೆದಿಡುವುದನ್ನು ಮರೆಯಬೇಡಿ. ಹಳೆಯ ಪಟ್ಟಿ ಅಂಟಿದ್ದರೆ ಕಿತ್ತೆಳೆಯದೆ ಔಷಧದಂಗಡಿಯಲ್ಲಿ ಸಿಗುವ ಸಲೈನು ಹನಿಸಿ ಬಿಡಿಸಬೇಕು. ಅರಳೆಯನ್ನು ಹಸಿ ಗಾಯದ ಮೇಲೆ ಇಡಬಾರದು, ಎಳೆ ಸಿಕ್ಕಿಕೊಳ್ಳುತ್ತದೆ; ಶುದ್ಧಮಾಡಿದ ಗಾಜು ಬಟ್ಟೆ ಇಡಿ. ಅರಿಸಿನ, ಬೂದಿ, ಕಾಫಿ ಪುಡಿ, ಹೊಗೆಸೊಪ್ಪು, ಸುಣ್ಣ ಯಾವುದೂ ಬೇಡ. ಅರಿಸಿನದ ಮೇಲೆ ನನಗೂ ಗೌರವವಿದೆ, ಆದರೆ ಅದು ಹರಡಿ ಕುಳಿತರೆ ಕೆಳಗಿನ ಬಣ್ಣ ಕಾಣುವುದಿಲ್ಲ. ಬಣ್ಣವೇ ನಮಗೆ ಬೇಕಾದ ಸಾಕ್ಷಿ. ಬಿಸಿನೀರಿನಲ್ಲಿ ಕಾಲು ನೆನೆಸಬಾರದು. ಆಣಿಗಳನ್ನು ಬ್ಲೇಡಿನಿಂದ ಹೆರೆಯಬಾರದು. ಫೋಟೊ ತೆಗೆಯುವಾಗ ದಿನವೂ ಒಂದೇ ಕಿಟಕಿಯ ಬೆಳಕಿನಲ್ಲಿ, ಗಾಯದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಬೆಳೆಯಿತೋ ಕುಗ್ಗಿತೋ ತಾನೇ ಹೇಳುತ್ತದೆ.

ಕೆಟ್ಟ ವಾಸನೆ, ಬೆರಳು ಕಪ್ಪಾಗುವುದು ಅಥವಾ ನೀಲಿಗಟ್ಟುವುದು, ಹುಣ್ಣಿನ ಸುತ್ತ ಎರಡು ಸೆಂಟಿಮೀಟರಿಗಿಂತ ಆಚೆಗೆ ಹರಿದ ಕೆಂಪು, ಊತ, ಜ್ವರ, ಚಳಿ, ಊಟ ಬದಲಾಗದೆ ಸಕ್ಕರೆ ಇದ್ದಕ್ಕಿದ್ದಂತೆ ಏರುವುದು: ಇವುಗ

ಳಲ್ಲಿ ಒಂದು ಕಂಡರೂ ಅಂದೇ ಹೊರಡಬೇಕು. ಅಮಾವಾಸ್ಯೆ, ಮಂಗಳವಾರ ಎಂದು ಕೂಡಬಾರದು. ಸಕ್ಕರೆಯ ಅಂಕೆ ತಪ್ಪಿದರೆ ಏನಾಗುತ್ತದೆಂಬುದನ್ನು ೨೦೨೧ರ ಕಪ್ಪು ಶಿಲೀಂಧ್ರದ ರೋಗ ತೋರಿಸಿತು. ಆ ಜೂನ್ ಕೊನೆಗೆ ದೇಶದಲ್ಲಿ ೪೦,೦೦೦ಕ್ಕೂ ಮೇಲ್ಪಟ್ಟು ಜನರಿಗೆ ಅದು ತಗಲಿತ್ತು. ಅವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು.

ಕೊನೆಗೆ, ಖರ್ಚಿಲ್ಲದ ಒಂದು ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಇದನ್ನು ಬಳಕೆಗೆ ತಂದರು. ಆಸ್ಪತ್ರೆಗೆ ಹೋಗಲಾಗದ ದಿನಗಳಲ್ಲಿ ಬಹಳ ಉಪಯೋಗಕ್ಕೆ ಬಂದಿತು. ಹಿರಿಯರನ್ನು ಮಲಗಿಸಿ ಕಣ್ಣು ಮುಚ್ಚಿಸಿರಿ. ಬಲ, ಎಡ ಎಂದು ಯಾವುದು ಯಾವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ನಿಮ್ಮ ತೋರುಬೆರಳಿನ ತುದಿಯಿಂದ ಅವರ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳನ್ನು, ಎರಡು ಕಾಲಿನದೂ ಸೇರಿ ಆರು ಕಡೆ, ಒಂದೆರಡು ಸೆಕೆಂಡು ಗರಿ ಸೋಕಿದಷ್ಟು ಹಗುರಾಗಿ ಮುಟ್ಟಿರಿ. ಒತ್ತಬಾರದು, ಕಚಗುಳಿ ಇಡಬಾರದು, ತಪ್ಪಿದರೆ ಮತ್ತೆ ಮುಟ್ಟಬಾರದು. ಮುಟ್ಟಿದಾಗ ಅವರು ಬಲವೋ ಎಡವೋ ಹೇಳಬೇಕು. ಆರರಲ್ಲಿ ಎರಡೋ ಹೆಚ್ಚೋ ತಪ್ಪಿದರೆ ಪಾದದ ಅರಿವು ಕುಂದಿದೆಯೆಂದು ತಿಳಿದು ವೈದ್ಯರಿಗೆ ತೋರಿಸಿರಿ. ಆ ದಿನದಿಂದಲೇ ಮನೆಯೊಳಗೂ ಬರಿಗಾಲಿನಲ್ಲಿ ನಡೆಯಗೊಡಬೇಡಿ. ದೇವರ ಕೋಣೆಗೆ ಚಪ್ಪಲಿ ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಕೋಣೆಗೆ ಬೇರೆಯದೇ ಒಂದು ಜೊತೆ ಮೆತ್ತನೆಯ ಬಟ್ಟೆಯ ಪಾದರಕ್ಷೆ ಹೊಲಿಸಿ ಇಟ್ಟ ಮನೆಗಳನ್ನು ನಾನು ಮಾಟುಂಗದಲ್ಲಿ ಕಂಡಿದ್ದೇನೆ. ಹೊರಗಿನ ಚಪ್ಪಲಿಯ ಅಳತೆ, ಅಟ್ಟೆ, ಪಟ್ಟಿಗಳ ವಿಷಯ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅಷ್ಟರೊಳಗೆ ನಿಮ್ಮ ಮನೆಯವರ ಹಳೆಯ ಚಪ್ಪಲಿಗಳನ್ನು ಎಸೆಯದೆ ಇಟ್ಟುಕೊಂಡಿರಿ, ಸವೆದ ಕಡೆಯನ್ನು ನೋಡುವುದಿದೆ.